‘ಇಲ್ಲ’ ಎಲ್ಲಿದೆ ನೋಡಿ: ಸಮಸ್ಯೆ ಬರೆಯುವ ಪಾಠದ ನನ್ನ ಟಿಪ್ಪಣಿ

ಮಕ್ಕಳಿಗೆ ನಿಜ ಜೀವನದ ಸಮಸ್ಯೆ ಬಿಡಿಸಲು ಕಲಿಸುವ ಪಾಠ ಇದು. ಇದಕ್ಕೆ ಬಳಸುವ ಡಿಸೈನ್ ಥಿಂಕಿಂಗ್ ಅನ್ನೋ ವಿಧಾನದಲ್ಲಿ 5 ಹಂತ: ಜನರ ಕಷ್ಟ ಅರಿಯುವುದು, ಸಮಸ್ಯೆ ಬರೆಯುವುದು, ಉಪಾಯ ಹುಡುಕುವುದು, ಮಾದರಿ ಮಾಡುವುದು, ಪರೀಕ್ಷಿಸುವುದು. ಕೊನೆಯ ಮೂರರ ಚಿಂತೆ ಬೇಡ. ರಟ್ಟು, ಅಂಟು ಕೊಟ್ಟರೆ ಮಕ್ಕಳು ನಮಗಿಂತ ಮುಂದೆ. ನಾನು ಸಿಕ್ಕಿಹಾಕಿಕೊಂಡಿದ್ದು ಎರಡನೆಯದರಲ್ಲಿ.

ಅಭ್ಯಾಸಕ್ಕೆಂದು ಬರೆದ ವಾಕ್ಯ: ‘ತಡವಾಗಿ ಬರುವ ಮಕ್ಕಳ ಹತ್ತಿರ ಅಲಾರಂ ಇಲ್ಲ.’ ನಮಗೆ ಈ ಪಾಠ ಹೇಳಿಕೊಡುವ ಮೇಡಂ ‘ಇಲ್ಲ’ದ ಕೆಳಗೆ ಗೆರೆ ಎಳೆದು ವಾಪಸ್ ಕೊಟ್ಟರು, ಏನೂ ಹೇಳಲಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಅಲಾರಂ ನನ್ನ ಉತ್ತರ. ಅದಕ್ಕೇ ‘ಇಲ್ಲ’ ಅಂಟಿಸಿ ಸಮಸ್ಯೆ ಅಂತ ಬರೆದಿದ್ದೆ! ತಂಗಿಯನ್ನು ರೆಡಿ ಮಾಡಿ, ಅವಳನ್ನು ಬಿಟ್ಟು ಬರುವ ಹುಡುಗನಿಗೆ ಹತ್ತು ಅಲಾರಂ ಕೊಟ್ಟರೂ ತಡವೇ, ಅಲ್ವಾ?

ಹಾಗಾಗಿ ನನ್ನ ಶಾರ್ಟ್‌ಕಟ್: ವಸ್ತುವಿನ ಪಕ್ಕ ‘ಇಲ್ಲ’ ಕಂಡರೆ ವಾಕ್ಯ ಹೊಡೆದುಹಾಕಿ. ಯಾರಿಗೆ, ಯಾವಾಗ, ಏನು ಕಷ್ಟ ಅಂತ ಮತ್ತೆ ಬರೆಯಿರಿ. (ಕುಡಿಯಲು ನೀರೇ ಇಲ್ಲ ಅನ್ನುವಂಥದ್ದನ್ನು ಹೊಡೆಯಬೇಡಿ. ಅದು ನಿಜಕ್ಕೂ ಕಷ್ಟವೇ.)

ಇದು ನನಗೆ ಗಟ್ಟಿಯಾಗಿ ಕೂತಿದ್ದು ಒಂದು ಉದಾಹರಣೆಯಿಂದ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂಡಕ್ಕೆ ತರಗತಿಯಲ್ಲಿ ಸಿಕ್ಕ ಕೆಲಸ, ಅಗ್ಗದ ಇನ್‌ಕ್ಯುಬೇಟರ್ (ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ) ಮಾಡುವುದು. ಅಂದರೆ ‘ಇನ್‌ಕ್ಯುಬೇಟರ್ ಇಲ್ಲ’ ಅನ್ನೋ ವಾಕ್ಯವೇ. ತಂಡದವರೊಬ್ಬರು ನೇಪಾಳಕ್ಕೆ ಹೋಗಿ ನೋಡಿದರೆ, ಆಸ್ಪತ್ರೆಯಲ್ಲಿ ದಾನ ಬಂದ ಇನ್‌ಕ್ಯುಬೇಟರ್‌ಗಳು ಖಾಲಿ. ಅವಧಿಗೆ ಮೊದಲೇ ಹುಟ್ಟಿದ ಕೂಸುಗಳು ದೂರದ ಹಳ್ಳಿಗಳಲ್ಲಿ. ಅಲ್ಲಿಂದ ಆಸ್ಪತ್ರೆ ತಲುಪುವುದೇ ಕಷ್ಟ. ಪ್ರಶ್ನೆ ಬದಲಾಯಿತು: ಹಳ್ಳಿಯಲ್ಲಿರುವ ತಾಯಿ ಮಗುವನ್ನು ಬೆಚ್ಚಗಿಡುವುದು ಹೇಗೆ? ಕೊನೆಗೆ ಬಂದಿದ್ದು ಪುಟ್ಟ ಸ್ಲೀಪಿಂಗ್ ಬ್ಯಾಗ್. ಒಳಗೆ ಮೇಣದಂಥ ವಸ್ತುವಿನ ಚೀಲ. ಬಿಸಿ ಮಾಡಿದರೆ ಕರಗುತ್ತದೆ, ಗಟ್ಟಿಯಾಗುತ್ತಾ ಗಂಟೆಗಟ್ಟಲೆ 37 ಡಿಗ್ರಿ ಆಸುಪಾಸಿನ ಶಾಖ ಬಿಡುತ್ತದೆ.

ನೋಟ್ಸ್‌ನಲ್ಲಿ ಜನರ ಕಷ್ಟ ಅರಿಯುವ ಮಾತಿಗೆ ‘ಕರುಣೆ’, ಪ್ರಶ್ನಿಸಿ ನೋಡುವ ಮಾತಿಗೆ ‘ವಿಮರ್ಶೆ’ ಅಂತ ಎರಡು ಕಾಲಂ ಹಾಕಿದ್ದೆ. ‘ಈ ಇನ್‌ಕ್ಯುಬೇಟರ್‌ಗಳು ಯಾಕೆ ಖಾಲಿ?’ ಅನ್ನೋ ಪ್ರಶ್ನೆ ಎರಡಕ್ಕೂ ಸೇರುತ್ತದೆ. ಯಾವುದರಲ್ಲಿ ಬರೆಯಬೇಕೋ ತಿಳಿಯದೆ ನಡುವಿನ ಗೆರೆ ಅಳಿಸಿದೆ.

ಒಂದು ಮಾತು ಬಿಟ್ಟುಹೋಗಿತ್ತು. ಮಕ್ಕಳನ್ನು ಸಂದರ್ಶನಕ್ಕೆ ಕಳಿಸುವಾಗ ‘ಅಲಾರಂ ಬೇಕಾ?’ ಅಂತ ಕೇಳಲು ಬಿಡಬೇಡಿ. ಸುಮ್ನೆ ಕೊಡ್ತೀವಿ ಅಂದರೆ ಯಾರು ಬೇಡ ಅಂತಾರೆ? ‘ಇವತ್ತು ಎದ್ದಾಗಿನಿಂದ ಇಲ್ಲಿಗೆ ಬರೋವರೆಗೆ ಏನೇನಾಯ್ತು?’ ಅಂತ ಕೇಳಲಿ. ತಂಗಿಯ ವಿಷಯ ನನಗೆ ಗೊತ್ತಾಗಿದ್ದೇ ಹಾಗೆ.