ಹಳೇ ಗೇಮಿಗೆ ಹೊಸ ಬಣ್ಣ: ಈ ಜಗಳ ಎಲ್ಲಿಂದ ಶುರುವಾಯಿತು?

ಕಥೆಯೊಳಗೆ ಹೊಕ್ಕು ಒಗಟು ಬಿಡಿಸುತ್ತ ಸಾಗುವ ಹಳೆಯ ಅಡ್ವೆಂಚರ್ ಗೇಮೊಂದು ಹೊಸ ಗ್ರಾಫಿಕ್ಸ್‌ನಲ್ಲಿ ಬರುತ್ತದೆ ಅಂದರೆ ಸಾಕು, ಅರ್ಧ ಜನ ಕುಣಿಯುತ್ತಾರೆ, ಇನ್ನರ್ಧ ಮುಖ ಸಿಂಡರಿಸುತ್ತಾರೆ. ಇದು ಇವತ್ತಿನ ಜಗಳವಲ್ಲ. 1984ರ ಕಿಂಗ್ಸ್ ಕ್ವೆಸ್ಟ್‌ಗೆ ಸಿಯೆರಾ ಕಂಪನಿ 1990ರಲ್ಲೇ ಹೊಸ ಚಿತ್ರ ಬರೆಸಿತ್ತು. ಹಳೇದನ್ನು ಯಾಕೆ ಮುಟ್ಟಿದಿರಿ ಅಂತ ಕೇಳಿದವರು ಆಗಲೂ ಇದ್ದರು. ಆರೇ ವರ್ಷಕ್ಕೆ ‘ಹಳೇದು’!

ಜಗಳದ ಬೇರು ಕಾಣಬೇಕಾದರೆ ಆಗಿನ ಪರದೆಯ ಹತ್ತಿರ ಹೋಗಿ ಕೂರಬೇಕು. ಅಡ್ಡಕ್ಕೆ 320 ಚುಕ್ಕಿ, ಮೇಲಿಂದ ಕೆಳಗೆ 200. ಇಜಿಎ ಅನ್ನುವ ಆಗಿನ ಗ್ರಾಫಿಕ್ಸ್ ವ್ಯವಸ್ಥೆ ಆದರೆ ಬಣ್ಣ ಬರೀ 16. ಇಷ್ಟರಲ್ಲೇ ರಾತ್ರಿ ಆಕಾಶ, ಕಾಡು, ಮಂಜು ಎಲ್ಲ ಬರಬೇಕು. 1990ರ ಲೂಮ್ ಗೇಮಿಗೆ ಚಿತ್ರ ಬರೆದ ಮಾರ್ಕ್ ಫೆರಾರಿ ಅದಕ್ಕೆ ಡಿದರಿಂಗ್ ಮಾಡಿದರು, ಅಂದರೆ ಎರಡು ಬಣ್ಣದ ಚುಕ್ಕಿಗಳನ್ನು ಬೆರೆಸಿ ಇಟ್ಟರು. ನೀಲಿ ಚುಕ್ಕಿಯ ಪಕ್ಕ ಕಪ್ಪು ಚುಕ್ಕಿ, ಮತ್ತೆ ನೀಲಿ, ಥೇಟ್ ಚದುರಂಗದ ಮಣೆ. ಸ್ವಲ್ಪ ಹಿಂದೆ ಸರಿದರೆ ಅಲ್ಲಿ ಇಲ್ಲದ ಮೂರನೇ ಬಣ್ಣ ಕಾಣುತ್ತದೆ. ಆಗಿನ ದಪ್ಪ ಡಬ್ಬದಂಥ ಸಿಆರ್‌ಟಿ ಮಾನಿಟರೂ ಚುಕ್ಕಿಗಳ ಅಂಚನ್ನು ಒಂದಿಷ್ಟು ಮೆತ್ತಗೆ ಮಾಡುತ್ತಿತ್ತು. ಆ ಪರದೆಯಲ್ಲಿ ಚುಕ್ಕಿಗಳು ಚೌಕವೂ ಅಲ್ಲ, ತುಸು ಎತ್ತರ. ಅದೇ ಚಿತ್ರವನ್ನು ಈಗಿನ ಪರದೆಗೆ ನೇರ ಹಾಕಿದರೆ ಎಲ್ಲರೂ ಕುಳ್ಳಗಾಗುತ್ತಾರೆ. ಅಂದರೆ ಏನೂ ಬದಲಿಸದೆ ಬಿಟ್ಟರೂ ಹಳೇ ಗೇಮು ಹಳೇ ಥರ ಕಾಣಲ್ಲ. ಇದನ್ನು ಜಗಳದಲ್ಲಿ ಎರಡೂ ಕಡೆಯವರು ಮರೆಯುತ್ತಾರೆ.

2009ರಲ್ಲಿ ಬಂತು 1990ರ ಗೇಮು ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್‌ನ ಸ್ಪೆಷಲ್ ಎಡಿಷನ್. ಹಿನ್ನೆಲೆಗಳನ್ನೆಲ್ಲ ಕೈಯಿಂದಲೇ ಹೊಸದಾಗಿ ಬರೆದಿದ್ದರು. ನಾಯಕ ಗೈಬ್ರಶ್‌ನ ಕೂದಲು ಮಾತ್ರ ನಗೆಪಾಟಲಾಯಿತು. ಪಾಪ, ನಾಲ್ಕಾರು ಚುಕ್ಕಿ ಇದ್ದಲ್ಲಿ ಒಂದು ಕ್ರಾಪು ಬರೆಯಬೇಕಲ್ವಾ? ಅಷ್ಟು ವರ್ಷ ಆ ಕ್ರಾಪನ್ನು ಪ್ರತಿಯೊಬ್ಬರೂ ತಮ್ಮ ತಲೆಯಲ್ಲೇ ಬರೆದುಕೊಂಡಿದ್ದರು. ಒಳಗೆ ಓಡುತ್ತಿದ್ದದ್ದು ಹಳೇ ಎಂಜಿನ್ನೇ, ಅಂದರೆ ಗೇಮನ್ನು ನಡೆಸುವ ಪ್ರೋಗ್ರಾಮೇ ಆದ್ದರಿಂದ ಹೊಸ ಮೈಗೂ ಹಳೇ ಹೆಜ್ಜೆಯೇ. ಆದರೆ ಪಿಸಿಯಲ್ಲಿ ಎಫ್10 ಒತ್ತಿದರೆ ಆಟದ ಮಧ್ಯದಲ್ಲೇ 1990ರ ದಶಕದ ಚಿತ್ರ ವಾಪಸ್. ಇಡೀ ಗೇಮಿನಲ್ಲಿ ಜಾಸ್ತಿ ಬುದ್ಧಿವಂತಿಕೆ ಇದ್ದದ್ದು ಆ ಒಂದು ಕೀಲಿಯಲ್ಲಿ.

ಮುಂದೆ ಕೆಲಸ ಕೆಲವರಿಗೆ ಸಲೀಸಾಯಿತು. 1993ರ ಡೇ ಆಫ್ ದಿ ಟೆಂಟಕಲ್ ಮೊದಲೇ ಕಾರ್ಟೂನ್. 2016ರ ಹೊಸ ಆವೃತ್ತಿಯಲ್ಲಿ ಗೆರೆ ನಯವಾಯಿತು ಅಷ್ಟೇ, ಜಗಳ ಕಡಿಮೆ. 1997ರ ಬ್ಲೇಡ್ ರನ್ನರ್ ಗೇಮಿಗೆ ಆ ಅದೃಷ್ಟ ಇರಲಿಲ್ಲ. ಮೂಲ ಸೋರ್ಸ್ ಕೋಡೇ, ಅಂದರೆ ಗೇಮು ಬರೆದ ಪ್ರೋಗ್ರಾಮಿನ ಮೂಲ ಪ್ರತಿಯೇ, ಕಳೆದುಹೋಗಿತ್ತು. ಇದ್ದ ವೀಡಿಯೊವನ್ನೇ ಸಾಫ್ಟ್‌ವೇರಿನಿಂದ ಹಿಗ್ಗಿಸಿದರು. 2022ರಲ್ಲಿ ಬಂದಾಗ ಚಿತ್ರ ದೊಡ್ಡದಾಗಿತ್ತು, ಆದರೆ ಸಣ್ಣಪುಟ್ಟ ವಿವರ ಒರೆಸಿಹೋಗಿತ್ತು. ಜನ ಗಲಾಟೆ ಮಾಡಿದ ಮೇಲೆ ಹಳೇ ಗೇಮನ್ನೂ ಜೊತೆಗೆ ಕೊಟ್ಟರು.

ಅದೇ ವರ್ಷ ಮಂಕಿ ಐಲ್ಯಾಂಡ್ ಕಟ್ಟಿದ ರಾನ್ ಗಿಲ್ಬರ್ಟ್ ಅವರೇ ಸರಣಿಯ ಹೊಸ ಗೇಮ್ ತಂದರು. ಹಳೇದರ ಮೇಲೆ ಬಣ್ಣ ಬಳಿಯಲಿಲ್ಲ, ಚಿತ್ರದ ಶೈಲಿಯನ್ನೇ ಬೇರೆ ಮಾಡಿದರು. ಬೈಗುಳ ಅವರಿಗೂ ತಪ್ಪಲಿಲ್ಲ.