ವೈಲ್ ಮೇಲಿನ ಮೈಕ್ರೋಗ್ರಾಂ ಹೇಳದ ಸಂಗತಿ

"ಸರ್, ವೈಲ್ ಖಾಲಿ ಬಂದಿದೆ." ಕಿಣ್ವ ತುಂಬಿ ಬರುವ ಪುಟ್ಟ ಸೀಸೆಯ ಬಗ್ಗೆ ಲ್ಯಾಬ್‌ಗೆ ಹೊಸದಾಗಿ ಸೇರಿದವರಿಂದ ಈ ದೂರು ಕೇಳದ ವರ್ಷವಿಲ್ಲ. ಒಣಗಿಸಿದ 100 ಮೈಕ್ರೋಗ್ರಾಂ ಪ್ರೋಟೀನ್ ಕಣ್ಣಿಗೆ ಬೀಳುವುದೇ ಕಷ್ಟ. ಗೋಡೆಗೆ ತೆಳ್ಳಗೆ ಮೆತ್ತಿಕೊಂಡಿರುತ್ತದೆ, ಇಲ್ಲವೇ ದಾರಿಯ ಕುಲುಕಾಟಕ್ಕೆ ಮುಚ್ಚಳದ ಒಳಬದಿಗೆ ಹಾರಿರುತ್ತದೆ. ತೆರೆಯುವ ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ಅರ್ಧ ನಿಮಿಷ ತಿರುಗಿಸಿದರೆ ತಳಕ್ಕಿಳಿಯುತ್ತದೆ. ಬಫರ್ (ಪಿಎಚ್ ಹೆಚ್ಚು ಏರುಪೇರಾಗದಂತೆ ತಡೆಯುವ ದ್ರಾವಣ) ಹಾಕಿದ ಮೇಲೆ ವೋರ್ಟೆಕ್ಸ್ ಮಾಡಬೇಡಿ, ಅಂದರೆ ಯಂತ್ರದಲ್ಲಿಟ್ಟು ಜೋರಾಗಿ ಗಿರಗಿರನೆ ಅಲ್ಲಾಡಿಸಬೇಡಿ. ನೊರೆ ಎದ್ದರೆ ಪ್ರೋಟೀನಿನ ಮಡಿಕೆ ಬಿಚ್ಚಿಕೊಳ್ಳುತ್ತದೆ.

ಮಾನವ ಕಾರ್ಬಾನಿಕ್ ಅನ್‌ಹೈಡ್ರೇಸ್ 2 ಎಂಬ ಕಿಣ್ವವನ್ನೇ ತೆಗೆದುಕೊಳ್ಳೋಣ. ನಮ್ಮ ಕೆಂಪು ರಕ್ತಕಣಗಳಲ್ಲಿದ್ದು ಇಂಗಾಲದ ಡೈಆಕ್ಸೈಡನ್ನು ನೀರಿನೊಡನೆ ಬೇಗ ಕೂಡಿಸುವಂಥದ್ದು, ಅಣುವಿನ ತೂಕ ಸುಮಾರು 29 ಕಿಲೋಡಾಲ್ಟನ್, ನಡುವೆ ಒಂದು ಸತುವಿನ ಅಯಾನು. "ಮಾನವ" ಎಂದಿದ್ದರೂ ಇದು ಯಾರ ರಕ್ತದಿಂದ ಬಂದದ್ದೂ ಅಲ್ಲ. ಮನುಷ್ಯರ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ ಅದರ ಕೈಯಲ್ಲಿ ಮಾಡಿಸಿದ್ದು. ಈ ಕಿಣ್ವಕ್ಕೆ ಸಕ್ಕರೆ ಸರಪಳಿಗಳು ಬೇಕಿಲ್ಲ, ಪ್ರೋಟೀನಿನ ಮಡಿಕೆಯನ್ನು ಬಿಗಿಯುವ ಡೈಸಲ್ಫೈಡ್ ಎಂಬ ಗಂಧಕದ ಕೊಂಡಿಗಳೂ ಇಲ್ಲ. ಹಾಗಾಗಿ ಬ್ಯಾಕ್ಟೀರಿಯಾಕ್ಕೆ ಸಲೀಸು. ಅವೆರಡೂ ಬೇಕಾದ ಕಿಣ್ವವಾದರೆ ಸಸ್ತನಿಗಳ ಜೀವಕೋಶದಲ್ಲಿ ಮಾಡಿದ್ದನ್ನೇ ಹುಡುಕಿ.

ಲೇಬಲ್ ಮೇಲೆ "ಶುದ್ಧತೆ ಶೇ. 95" ಎಂದಿರುತ್ತದೆ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಓಡಿಸಿದಾಗ ಒಂದೇ ದಪ್ಪ ಪಟ್ಟಿ ಕಂಡಿತು ಎಂದಷ್ಟೇ ಅದರ ಅರ್ಥ. ಆ ಜೆಲ್‌ಗೆ ಹಾಕುವಾಗ ಪ್ರೋಟೀನನ್ನು ಡಿಟರ್ಜೆಂಟ್‌ನಲ್ಲಿ ಕುದಿಸಿ ಮಡಿಕೆಯನ್ನೆಲ್ಲ ಬಿಚ್ಚಿರುತ್ತೇವೆ. ಸತ್ತ ಕಿಣ್ವವೂ ಬದುಕಿರುವ ಕಿಣ್ವವೂ ಅಲ್ಲಿ ಒಂದೇ ಜಾಗದಲ್ಲಿ ಕೂರುತ್ತವೆ.

ಹಾಗಾದರೆ ಕಿಣ್ವ ಎಷ್ಟು ಕೆಲಸ ಮಾಡುತ್ತದೆ ಎಂದು ಹೇಳುವ "ಯೂನಿಟ್" ನೋಡೋಣ ಎನ್ನುತ್ತೀರಿ. ನೋಡಿ, ಆದರೆ ಅದರ ವ್ಯಾಖ್ಯೆಯ ಸಣ್ಣ ಅಕ್ಷರಗಳನ್ನೂ ಓದಿ. ಈ ಕಿಣ್ವದ ಚಟುವಟಿಕೆಯನ್ನು ಅಳೆಯಲು ಎರಡು ದಾರಿಗಳು ಬಳಕೆಯಲ್ಲಿವೆ. ಒಂದು, 0 ಡಿಗ್ರಿಯ ಬಫರ್‌ಗೆ ಇಂಗಾಲದ ಡೈಆಕ್ಸೈಡ್ ತುಂಬಿದ ನೀರು ಸುರಿದು ಪಿಎಚ್ ಎಷ್ಟು ಬೇಗ ಇಳಿಯುತ್ತದೆ ಎಂದು ನೋಡುವುದು; ವಿಲ್ಬರ್–ಆಂಡರ್ಸನ್ ಯೂನಿಟ್ ಎಂದರೆ ಇದರದ್ದು. ಇನ್ನೊಂದು, ಪ್ಯಾರಾ-ನೈಟ್ರೋಫಿನೈಲ್ ಅಸಿಟೇಟ್ ಎಂಬ ಎಸ್ಟರ್ ಒಡೆದಾಗ ಬರುವ ಹಳದಿ ಬಣ್ಣವನ್ನು ಅಳೆಯುವುದು. ಮೊದಲನೆಯ ಕ್ರಿಯೆಯಲ್ಲಿ ಕಿಣ್ವದ ಒಂದು ಅಣು ಸೆಕೆಂಡಿಗೆ ಹತ್ತು ಲಕ್ಷದಷ್ಟು ಇಂಗಾಲದ ಡೈಆಕ್ಸೈಡ್ ಅಣುಗಳನ್ನು ಬದಲಿಸಬಲ್ಲದು (25 ಡಿಗ್ರಿಯಲ್ಲಿ). ಎರಡನೆಯದರಲ್ಲಿ ಬೆರಳೆಣಿಕೆಯಷ್ಟು. ಒಂದು ಕಡೆಯ ಯೂನಿಟ್ಟನ್ನು ಇನ್ನೊಂದು ಕಡೆಯದಕ್ಕೆ ಹೋಲಿಸುವುದು ಮೊಳವನ್ನು ಸೇರಿನಲ್ಲಿ ಅಳೆದ ಹಾಗೆ.

ಹಳದಿ ಬಣ್ಣದ ದಾರಿ ಸುಲಭ, ಪುಟ್ಟ ಬಾವಿಗಳಿರುವ ತಟ್ಟೆಯಲ್ಲಿ ಬಣ್ಣ ಅಳೆಯುವ ಪ್ಲೇಟ್ ರೀಡರ್ ಇದ್ದರೆ ಸಾಕು. ಎಲ್ಲರೂ ಅದನ್ನೇ ಹಿಡಿಯುತ್ತಾರೆ. ನಾನು ಮುಗ್ಗರಿಸಿದ್ದೂ ಅಲ್ಲೇ. ತೀರಾ ತೆಳುವಾದ ದ್ರಾವಣದಲ್ಲಿ ಕಿಣ್ವ ಪ್ಲಾಸ್ಟಿಕ್ ಗೋಡೆಗೆ ಅಂಟಿ ಕಳೆದುಹೋಗುತ್ತದೆ. ಅದನ್ನು ತಡೆಯಲು ಶೇ. 0.1 ಬಿಎಸ್‌ಎ, ಅಂದರೆ ದನದ ರಕ್ತದ ಆಲ್ಬುಮಿನ್, ಬೆರೆಸುವುದು ರೂಢಿ. ಬೆರೆಸಿದೆ. ಗ್ರಾಫ್ ಕಡಿದಾಗಿ ಏರಿತು. ಕಿಣ್ವ ಚೇತರಿಸಿಕೊಂಡಿತು ಎಂದು ಎರಡು ದಿನ ಹಿಗ್ಗಿದೆ. ಮೂರನೇ ದಿನ ಅಸಿಟಜೋಲಮೈಡ್ ಹಾಕಿದೆ. ನ್ಯಾನೋಮೋಲಾರ್ ಮಟ್ಟದಲ್ಲೇ ಈ ಕಿಣ್ವವನ್ನು ಕಟ್ಟಿಹಾಕುವ ಔಷಧ ಅದು. ನಾನು ಹಾಕಿದ್ದು ಮೈಕ್ರೋಮೋಲಾರ್‌ಗಟ್ಟಲೆ. ಆದರೂ ಹಳದಿ ಬರುತ್ತಲೇ ಇತ್ತು! ಆಲ್ಬುಮಿನ್ ತಾನೇ ಆ ಎಸ್ಟರನ್ನು ಒಡೆಯುತ್ತದೆ ಎಂಬುದು ಆಗ ತಲೆಗೆ ಹೋಯಿತು. ನನ್ನ ಬ್ಲ್ಯಾಂಕ್‌ನಲ್ಲಿ, ಅಂದರೆ ಹೋಲಿಕೆಗೆ ಇಟ್ಟ ಕಿಣ್ವವಿಲ್ಲದ ದ್ರಾವಣದಲ್ಲಿ, ಬರೀ ಬಫರ್ ಇತ್ತು, ಆಲ್ಬುಮಿನ್ ಇರಲಿಲ್ಲ.

ಈಗ ಈ ಕಿಣ್ವದ ಯಾವ ವೈಲ್ ಬಂದರೂ ಮೊದಲ ದಿನವೇ ನಾಲ್ಕು ಬಾವಿ ಕಡ್ಡಾಯ: ಬರೀ ಬಫರ್, ಬಫರ್ ಜೊತೆ ಆಲ್ಬುಮಿನ್, ಅದಕ್ಕೆ ಕಿಣ್ವ, ಕೊನೆಯದರಲ್ಲಿ ಅವೆಲ್ಲದರ ಜೊತೆ ಅಸಿಟಜೋಲಮೈಡ್. ಮೂರನೆಯದರಿಂದ ನಾಲ್ಕನೆಯದನ್ನು ಕಳೆದು ಉಳಿದದ್ದು ನಮ್ಮ ಕಿಣ್ವದ ನಿಜವಾದ ಕೆಲಸ. ಇ. ಕೋಲಿಯ ಸ್ವಂತ ಎಸ್ಟರೇಸ್ (ಎಸ್ಟರ್ ಒಡೆಯುವ ಕಿಣ್ವ) ಚೂರುಪಾರು ಉಳಿದುಕೊಂಡಿದ್ದರೂ ಸಿಕ್ಕಿಬೀಳುವುದು ಅಲ್ಲಿಯೇ.

ಲೆಕ್ಕ ಸರಿಬಂದರೆ ಅದೇ ಸಂಜೆ ವೈಲ್‌ನಲ್ಲಿರುವುದನ್ನೆಲ್ಲ ಸಣ್ಣ ಸಣ್ಣ ಟ್ಯೂಬ್‌ಗಳಿಗೆ ಹಂಚಿ, ಲಾಟ್ ನಂಬರ್ (ಯಾವ ಕಂತಿನ ತಯಾರಿಕೆ ಎಂಬ ಸಂಖ್ಯೆ) ಮತ್ತು ನಾವೇ ಅಳೆದ ಚಟುವಟಿಕೆಯನ್ನು ಬರೆದು, ಮೈನಸ್ 80 ಡಿಗ್ರಿಗೆ. ಕರಗಿಸಿದ ಟ್ಯೂಬ್ ಮತ್ತೆ ಫ್ರೀಜರ್‌ಗೆ ಹೋಗುವುದಿಲ್ಲ. ಉಳಿದರೆ ಚೆಲ್ಲುತ್ತೇವೆ; ಹೊಸಬರಿಗೆ ಅದೇ ಹೊಟ್ಟೆಯುರಿ.