ಉಪ್ಪಾಗೆ ಹಣ್ಣಾಗುವವರೆಗೆ ಕಾಯುವವರು ಯಾರು?

ಉಪ್ಪಾಗೆ ಅಂದರೆ ಸಿಪ್ಪೆ ಒಣಗಿಸಿ ಹುಳಿಗೆ ಬಳಸುವ ಕಾಡುಹಣ್ಣು. ಶಿರಸಿ, ಸಿದ್ದಾಪುರದ ಕಾಡುಗಳಲ್ಲಿ ಅದರ ಕೊಯ್ಲಿನ ಕೆಲಸದ ಮೇಲೆ ಓಡಾಡುವ ನಾನು ಪ್ರತಿ ಮಳೆಗಾಲವೂ ಕೊಯ್ಯುವವರನ್ನು ಕೇಳುತ್ತೇನೆ, ಹಣ್ಣಾಗುವ ಮೊದಲೇ ಯಾಕೆ ಕೊಯ್ತೀರಿ ಎಂದು. ಸಿಗುವ ಉತ್ತರ ಒಂದೇ: "ನಾನು ಬಿಟ್ರೆ ನಾಳೆ ಇನ್ನೊಬ್ರು ಕೊಯ್ತಾರೆ ಸರ್." ಕಷ್ಟ ಏನೆಂದರೆ, ಅವರು ಹೇಳುವುದು ನಿಜ.

ಉಪ್ಪಾಗೆ ಹಳದಿಯಾಗಿ ಹಣ್ಣಾದರೆ ತಾನೇ ಉದುರುತ್ತದೆ. ಬುಡದಲ್ಲಿ ಹೆಕ್ಕಿದರೆ ಸಾಕು, ಮರ ಹತ್ತುವುದೇ ಬೇಡ. ಆದರೆ ಅಷ್ಟು ದಿನ ಯಾರು ಕಾಯುತ್ತಾರೆ? ಆರಿದ್ರಾ ಮಳೆ ಹಿಡಿಯುವ ಹೊತ್ತಿಗೇ ಹಸಿರು ಕಾಯಿಗೆ ಕೊಕ್ಕೆ ಬೀಳುತ್ತದೆ, ಕೊಕ್ಕೆಗೆ ಸಿಗದಿದ್ದರೆ ಕೊಂಬೆಯನ್ನೇ ಕಡಿಯುತ್ತಾರೆ, ಅಲ್ಲಿಗೆ ಮುಂದಿನ ವರ್ಷದ ಫಸಲೂ ಹೋಯಿತು. ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಏಟು ತಿನ್ನುವುದು ಕಾಯಿ ಬಿಡುವ ಮರವೇ.

ಮೊದಲು ಇದು ಮನೆಯ ಹುಳಿಗೆ, ಬೀಜದ ತುಪ್ಪಕ್ಕೆ, ಮತ್ತೆ ಕೇರಳದ ಮೀನು ಸಾರಿಗೆ ಹೋಗುತ್ತಿದ್ದ ಸರಕು. 1990ರ ದಶಕದಲ್ಲಿ ಸಿಪ್ಪೆಯಲ್ಲಿರುವ ಆಮ್ಲದಿಂದ ತೂಕ ಇಳಿಯುತ್ತದೆ ಎಂದು ಹೊರದೇಶಗಳಲ್ಲಿ ಮಾತ್ರೆ ಮಾರಲು ಶುರು ಮಾಡಿದರು, ಬೆಲೆ ಏರಿತು, ಕಾಡಿಗೆ ನುಗ್ಗುವವರೂ ಹೆಚ್ಚಿದರು. (1998ರಲ್ಲಿ ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದರೆ ಔಷಧಿಯೇ ಇಲ್ಲದೆ ಸುಮ್ನೆ ಕೊಟ್ಟ ಮಾತ್ರೆಗಿಂತ ಇದರಿಂದ ಹೆಚ್ಚೇನೂ ತೂಕ ಇಳಿದಿರಲಿಲ್ಲ. ಅಷ್ಟರಲ್ಲಿ ನಮ್ಮ ಕೊಂಬೆಗಳು ಇಳಿದಿದ್ದವು!) ಮಳೆಯಲ್ಲಿ ಬಿಸಿಲೆಲ್ಲಿ? ಸಿಪ್ಪೆ ಒಣಗಿಸುವುದು ಒಲೆಯ ಮೇಲೆ, ಅದರ ಸೌದೆಯೂ ಅದೇ ಕಾಡಿನದು.

ಕಾಡಿನ ಉಪ್ಪಾಗೆಗೆ ಟೆಂಡರ್ ಹಿಡಿದ ಗುತ್ತಿಗೆದಾರನಿಗೆ ಅವಧಿ ಮುಗಿದ ಮೇಲೆ ಮರ ಇದ್ದರೇನು, ಹೋದರೇನು? ಅದೇ ಒಂದು ಮನೆಯವರು ನೋಡಿಕೊಳ್ಳುವ ಸೊಪ್ಪಿನಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು) ಹೋಗಿ ನೋಡಿ, ಹಣ್ಣು ಬೀಳುವವರೆಗೂ ಕಾಯುವವರು ಅಲ್ಲಿ ಸಿಗುತ್ತಾರೆ. ಜನ ಬೇರೆಯವರಲ್ಲ, ಇವರೇ. ಮುಂದಿನ ವರ್ಷವೂ ಆ ಮರ ತಮಗೇ ಎಂಬ ಧೈರ್ಯ ಇದೆ, ಅಷ್ಟೇ.

ಹಾಗಂತ ಕಾಡನ್ನೆಲ್ಲ ಮನೆಮನೆಗೆ ಹಂಚಲು ಆಗುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನದ (ಮರಮಟ್ಟು ಬಿಟ್ಟು ಕಾಡಿನಲ್ಲಿ ಸಿಗುವ ಹಣ್ಣು, ಜೇನಿನಂಥವು) ಮೇಲೆ ಕಾಡಿನ ಜನರಿಗೆ ಹಕ್ಕಿದೆ, ಕಾಡು ಕಾಪಾಡುವ ಅಧಿಕಾರ ಗ್ರಾಮಸಭೆಗಿದೆ. ಅಲ್ಲೇ ಕೂತು ಕೊಯ್ಲು ಶುರುವಾಗುವ ದಿನ ಗೊತ್ತು ಮಾಡಬಹುದು. ಎಲ್ಲ ಊರಿಗೂ ಒಂದೇ ತಾರೀಖು ಬೇಡ, ಘಟ್ಟದ ಕೆಳಗೂ ಮೇಲೂ ಹಣ್ಣು ಒಟ್ಟಿಗೆ ಆಗುವುದಿಲ್ಲ. ಯಾವ ಗುಡ್ಡ ಯಾವ ಕೇರಿಗೆ ಅನ್ನುವುದನ್ನೂ ಅಲ್ಲೇ ಮಾತಾಡಿ ಮುಗಿಸಬೇಕು, ಇಲ್ಲದಿದ್ದರೆ ಆ ದಿನ ಬೆಳಗಿನ ಜಾವಕ್ಕೇ ಜಗಳ.

ಆದರೆ ಮರ ಕಾಯಲು ಆಳು ಇಡುತ್ತೇವೆ ಅಂದರೆ ನಾನು ನಂಬುವುದಿಲ್ಲ. ಆ ಮಳೆಯಲ್ಲಿ, ರಕ್ತ ಹೀರುವ ಆ ಉಂಬಳದಲ್ಲಿ ಯಾರು ನಿಲ್ಲುತ್ತಾರೆ ಮಾರಾಯ್ರೇ! ಕಾಯಬೇಕಾದ್ದು ತಕ್ಕಡಿಯನ್ನು. ಮರ ಸಾವಿರ ಇರಬಹುದು, ಸಿಪ್ಪೆ ಕೊಳ್ಳುವವರು ಊರಿಗೆ ಇಬ್ಬರೋ ಮೂವರೋ. ಗೊತ್ತು ಮಾಡಿದ ದಿನಕ್ಕಿಂತ ಮೊದಲು ಬಂದ ಸಿಪ್ಪೆಯನ್ನು ಅವರು ತೂಗಲೇಬಾರದು, ತೂಗಿದರೆ ಆ ವರ್ಷ ಊರವರು ಅವರಿಗೆ ಮಾಲು ಕೊಡಬಾರದು. ಸಭೆಗೆ ವ್ಯಾಪಾರಿಗಳನ್ನೂ ಕರೆಯಿರಿ, ಅವರ ಎದುರಿಗೇ ಇದನ್ನು ಬರೆಸಿ.